ಪರಾಗ್ವೆ ಎಂಬ ಮೆಲುದನಿಯ ದೇಶ

ಉಲ್ಲಾಳ ಎಂದು ವಿಳಾಸ ಹೇಳಿದ ಕೂಡಲೇ ‘ಓ, ಮಂಗಳೂರು ಕಡೆಯವರಾ?’ ಎಂದು ಕೇಳುವವರು ಇಂದಿಗೂ ಇದ್ದಾರೆ. ಅದು ರಾಣಿ ಅಬ್ಬಕ್ಕನ ಉಳ್ಳಾಲ, ಕಡಲ ದಂಡೆಯದು. ನಮ್ಮದು ಬೆಂಗಳೂರಿನ ಪಶ್ಚಿಮಕ್ಕೆ, ಜ್ಞಾನಭಾರತಿಯ ಆಚೆಗಿರುವ, ಕೆರೆಯೊಂದನ್ನು ಮಗ್ಗುಲಲ್ಲಿ ಇಟ್ಟುಕೊಂಡಿರುವ ಉಲ್ಲಾಳ ಎಂದು ವಿವರಿಸಿ ವಿವರಿಸಿ ಸಾಕಾಗಿದೆ. ಹೀಗಾಗಿ ಹೆಸರಿನ ಗೊಂದಲದಲ್ಲಿ ಕಳೆದುಹೋಗುವ ಊರುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಕ್ಕರೆ. ದೇಶಗಳಲ್ಲೂ ಇಂಥವಿವೆ. ‘ಪರಾಗ್ವೆಗೆ ಹೋಗಿ ಬಂದೆ’ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ‘ಫುಟ್‌ಬಾಲ್ ಆಡ್ತಾರಲ್ಲ, ಅದೇನಾ ಮೇಷ್ಟ್ರೇ?’ ಎನ್ನುತ್ತಾರೆ. ಫುಟ್‌ಬಾಲ್ ಅಲ್ಲೂ ಆಡುತ್ತಾರೆ. ಆದರೆ ಅವರ ಮನಸ್ಸಿನಲ್ಲಿರುವುದು ಉರುಗ್ವೆ.

ದಕ್ಷಿಣ ಅಮೆರಿಕದ ಭೂಪಟ ತೆರೆದರೆ ಬ್ರೆಜಿಲ್, ಅರ್ಜೆಂಟೀನ, ಬೊಲಿವಿಯಗಳ ನಡುವೆ ಈ ದೇಶ ಮುದುಡಿ ಕೂತಿದೆ. ಸಮುದ್ರವಿಲ್ಲ. ಮಾಚು ಪಿಚುವಿನಂಥ ಬೆಟ್ಟದ ನಗರವಿಲ್ಲ, ಅಮೆಜಾನಿನ ಮಹಾರಣ್ಯವಿಲ್ಲ. ಪೆರುವನ್ನು ಕನ್ನಡಿಗರಿಗೆ ನೇಮಿಚಂದ್ರ ಅವರ ಪುಸ್ತಕ ಹತ್ತಿರ ಮಾಡಿದೆ. ಪರಾಗ್ವೆಗೆ ಅಂಥ ಅದೃಷ್ಟ ಇನ್ನೂ ಬಂದಂತಿಲ್ಲ. ವಿಸ್ತೀರ್ಣ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ತುಸು ಹೆಚ್ಚು, ಅಂದರೆ ನಮ್ಮ ಕರ್ನಾಟಕದ ಎರಡರಷ್ಟಕ್ಕೂ ಮಿಗಿಲು. ಜನಸಂಖ್ಯೆ ಮಾತ್ರ 2022ರ ಗಣತಿಯಂತೆ 61 ಲಕ್ಷ. ಕರ್ನಾಟಕದಲ್ಲಿ 2011ರಲ್ಲೇ 6 ಕೋಟಿ 11 ಲಕ್ಷ ಜನರಿದ್ದರು ಎಂಬುದನ್ನು ನೆನೆದರೆ, ಅಲ್ಲಿನ ರಸ್ತೆಗಳು ಏಕೆ ಅಷ್ಟು ಖಾಲಿ ಎಂಬುದು ತಾನೇ ಅರ್ಥವಾಗುತ್ತದೆ.

ಅಲ್ಲಿಗೇ ಹೋಗಬೇಕೆಂದು ಹೊರಟವರಲ್ಲ ನಾವು. ಮಗಳು, ಅಳಿಯ ಕೆಲಸದ ಮೇಲೆ ಬ್ರೆಜಿಲಿನ ಸಾವೊ ಪಾಲೊದಲ್ಲಿದ್ದಾರೆ. 2024ರ ಜುಲೈಯಲ್ಲಿ ನಾನೂ ನನ್ನಾಕೆಯೂ ಅವರಲ್ಲಿಗೆ ಹೋಗಿದ್ದೆವು. ಎಂಟು ವರ್ಷದ ಮೊಮ್ಮಗ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಪೋರ್ಚುಗೀಸ್ ಆಡುತ್ತಾನೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಅಜ್ಜಿ ನನ್ನ ಮುಖ ನೋಡುವುದು ನಡೆದೇ ಇತ್ತು. ‘ಇಲ್ಲಿಂದ ಎರಡು ಗಂಟೆಯ ವಿಮಾನ, ಒಂದು ವಾರ ಸುತ್ತಿ ಬರೋಣ’ ಎಂದು ಅಳಿಯಂದಿರು ಟಿಕೆಟ್ ಮಾಡಿಸಿದರು. ಭಾಷೆಯ ವಿಷಯದಲ್ಲಿ ಅಷ್ಟೊಂದು ವಿಚಿತ್ರವಾದ ದೇಶಕ್ಕೆ ಹೋಗುತ್ತಿದ್ದೇವೆ ಎಂಬುದು ಆಗ ನಮಗೆ ಯಾರಿಗೂ ತಿಳಿದಿರಲಿಲ್ಲ.

ಬೆಂಗಳೂರಿನ ಓರಗೆಯ ಊರು

ರಾಜಧಾನಿಯ ಹೆಸರು ಅಸುನ್ಸಿಯಾನ್. ಪರಾಗ್ವೆ ನದಿಯ ದಡದಲ್ಲಿದೆ. ನಾವು ಹೋದ ಮರುದಿನ ಆಗಸ್ಟ್ 15. ನಮಗದು ಸ್ವಾತಂತ್ರ್ಯ ದಿನ, ಅಲ್ಲಿಯೂ ರಜೆ! ವಿಚಾರಿಸಿದರೆ, ಅದು ಆ ನಗರದ ಹುಟ್ಟುಹಬ್ಬ. ಸ್ಪೇನಿನ ಹುವಾನ್ ದೆ ಸಾಲಜಾರ್ ಅಲ್ಲಿ ಕೋಟೆ ಹಾಕಿದ್ದು 1537ರ ಆಗಸ್ಟ್ 15ರಂದು. 1537! ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರು ಪೇಟೆ ನಿಲ್ಲಿಸಿದರೆಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಇಸವಿ ಅದೇ. ಎರಡು ಊರುಗಳಿಗೂ ಒಂದೇ ವಯಸ್ಸು. ಆದರೆ ಬೆಳೆದ ಪರಿ ನೋಡಿ. ಬೆಂಗಳೂರು ಮಹಾನಗರವೊಂದರಲ್ಲೇ 2011ರಲ್ಲಿ 84 ಲಕ್ಷ ಮಂದಿ ಇದ್ದರು, ಇಡೀ ಪರಾಗ್ವೆಗಿಂತ ಹೆಚ್ಚು.

ಊರಿನ ತುಂಬ ಗುಲಾಬಿ ಬಣ್ಣ. ಎಲೆಯೆಲ್ಲ ಉದುರಿಸಿ, ಬರಿಯ ಹೂವನ್ನೇ ಹೊದ್ದು ನಿಂತ ಮರಗಳು. ‘ಇವು ನಮ್ಮ ಟಬೂಬಿಯಾ ಅಲ್ಲವೇ?’ ಎಂದಳು ನನ್ನಾಕೆ. ಹೆಚ್ಚು ಕಡಿಮೆ ಅವೇ, ದಾಯಾದಿಗಳು. ಅಲ್ಲಿ ಲಪಾಚೊ ಎನ್ನುತ್ತಾರೆ. ಅದು ಅವರ ರಾಷ್ಟ್ರೀಯ ವೃಕ್ಷ. ನಮ್ಮ ರಸ್ತೆಗಳಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಅರಳುವ ಈ ಕುಲದ ಮರಗಳ ತವರು ಆ ಖಂಡವೇ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಕಡಲೆಕಾಯಿಯ ಮೂಲವೂ ಅಲ್ಲಿಂದ ದೂರವಿಲ್ಲ. ಪಕ್ಕದ ಬೊಲಿವಿಯದ ದಕ್ಷಿಣ ಭಾಗ, ಅರ್ಜೆಂಟೀನದ ಉತ್ತರ ಭಾಗದಲ್ಲಿ ಅದು ಹುಟ್ಟಿತೆನ್ನುತ್ತಾರೆ ಸಸ್ಯವಿಜ್ಞಾನಿಗಳು. ಸಕ್ಕರೆ ಕಾಯಿಲೆಯವರಿಗೆ ಈಚೆಗೆ ನಮ್ಮ ಅಂಗಡಿಗಳಲ್ಲೂ ಸಿಗುವ ಸ್ಟೀವಿಯಾ ಎಂಬ ಸಿಹಿ ಎಲೆಯಂತೂ ಪರಾಗ್ವೆಯದೇ. ಅಲ್ಲಿ ನೆಲೆಸಿದ್ದ ಮೊಯ್ಸೆಸ್ ಬೆರ್ತೋನಿ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅದನ್ನು 1899ರಲ್ಲಿ ಲೋಕಕ್ಕೆ ಪರಿಚಯಿಸಿದ. ಸ್ಥಳೀಯರಿಗೆ ಅದು ಅದಕ್ಕೂ ಮೊದಲೇ ಗೊತ್ತಿತ್ತೆಂದು ಬೇರೆ ಹೇಳಬೇಕೇ?

ಹಣಕ್ಕೆ ಅಲ್ಲಿ ಗುವಾರಾನಿ ಎಂದು ಹೆಸರು. ಒಂದು ಲಕ್ಷದ ನೋಟೇ ಇದೆ! ನಮ್ಮ ಲೆಕ್ಕದಲ್ಲಿ ಸಾವಿರ ಚಿಲ್ಲರೆ ರೂಪಾಯಿ. ನನ್ನಾಕೆ ವಾರವಿಡೀ ಲಕ್ಷಾಧೀಶ್ವರಿಯಾಗಿ ಓಡಾಡಿದಳು.

ಗುವಾರಾನಿ ಎಂಬುದು ಮೂಲತಃ ಒಂದು ಜನಾಂಗದ, ಅವರ ನುಡಿಯ ಹೆಸರು. ಈ ದೇಶದ ಸೋಜಿಗವೆಲ್ಲ ಅಲ್ಲೇ ಇದೆ.

ಮಾರುಕಟ್ಟೆಯ ಮಾತು, ಕಚೇರಿಯ ಮಾತು

ದಕ್ಷಿಣ ಅಮೆರಿಕದಲ್ಲಿ ಯುರೋಪಿನವರು ಕಾಲಿಟ್ಟಲ್ಲೆಲ್ಲ ಸ್ಥಳೀಯ ನುಡಿಗಳು ಸೊರಗಿದವು. ಉಳಿದ ಕಡೆಯೂ ಅವು ಮೂಲನಿವಾಸಿಗಳ ಹಟ್ಟಿಗಳಿಗೆ ಸೀಮಿತವಾದವು. ಪರಾಗ್ವೆಯಲ್ಲಿ ಹಾಗಾಗಲಿಲ್ಲ. ತಮ್ಮನ್ನು ಮೂಲನಿವಾಸಿಗಳೆಂದು ಹೇಳಿಕೊಳ್ಳುವವರು ಅಲ್ಲಿ ನೂರಕ್ಕೆ ಎರಡರ ಆಸುಪಾಸು. ಆದರೆ ಗುವಾರಾನಿ ಆಡಬಲ್ಲವರು ಮುಕ್ಕಾಲು ಪಾಲು! ಬಿಳಿ ಬಣ್ಣದ ವಕೀಲನಿಗೂ ಬರುತ್ತದೆ, ಬಸ್ ಡ್ರೈವರನಿಗೂ ಬರುತ್ತದೆ. ಸೋತವರ ಭಾಷೆಯನ್ನು ಗೆದ್ದವರ ಮೊಮ್ಮಕ್ಕಳು ಆಡುವ ಇಂಥ ಇನ್ನೊಂದು ದೇಶ ಆ ಖಂಡದಲ್ಲಿಲ್ಲ.

ಅಸುನ್ಸಿಯಾನಿನ ‘ನಾಲ್ಕನೇ ನಂಬರ್ ಮಾರುಕಟ್ಟೆ’ಯಲ್ಲಿ ಇದನ್ನು ಕಿವಿಯಾರೆ ಕೇಳಿದೆವು. ನಮ್ಮ ಕೆ.ಆರ್. ಮಾರ್ಕೆಟ್ಟಿನ ತಂಗಿ ಎನ್ನಬಹುದು. ಮರಗೆಣಸಿನ ರಾಶಿಯ ಹಿಂದೆ ಕೂತ ಹೆಂಗಸು ಪಕ್ಕದವಳೊಡನೆ ಮೂಗಿನಿಂದ ಹೊಮ್ಮುವ ಒಂದು ರಾಗದ ಮಾತಿನಲ್ಲಿ ಹರಟುತ್ತಿದ್ದಳು. ನಾವು ಬೆಲೆ ಕೇಳಿದ್ದೇ ತಡ, ಸ್ಪ್ಯಾನಿಷಿಗೆ ಹೊರಳಿದಳು. ಅಳಿಯಂದಿರ ಪೋರ್ಚುಗೀಸಿನಿಂದ ವ್ಯಾಪಾರ ಹೇಗೋ ಕುದುರಿತು. ಮತ್ತೆ ಅತ್ತ ತಿರುಗಿ ಗುವಾರಾನಿ. ಜಗಳ, ತಮಾಷೆ, ಲಾಲಿ, ಬೈಗುಳ ಇದರಲ್ಲಿ. ಬ್ಯಾಂಕು, ಕೋರ್ಟು, ಅರ್ಜಿ ಅದರಲ್ಲಿ. ಜೋನ್ ರೂಬಿನ್ ಎಂಬ ಅಮೆರಿಕದ ಭಾಷಾತಜ್ಞೆ 1960ರ ದಶಕದಲ್ಲಿ ಈ ಊರುಗಳಲ್ಲಿ ಕೂತು ಅಧ್ಯಯನ ಮಾಡಿ 1968ರಲ್ಲಿ ಪುಸ್ತಕ ಬರೆದರು. ಹುಡುಗ ಹುಡುಗಿಯ ಪ್ರೇಮ ಸ್ಪ್ಯಾನಿಷಿನಲ್ಲಿ ಶುರುವಾಗಿ, ಸಲುಗೆ ಬೆಳೆದಂತೆ ಗುವಾರಾನಿಗೆ ಬರುತ್ತದೆಂದು ಅವರು ಕಂಡುಕೊಂಡರಂತೆ! ನಮ್ಮ ಕಾಲೇಜು ಹುಡುಗರನ್ನು ಕೇಳಿದರೆ ಯಾವ ಉತ್ತರ ಬರುತ್ತದೋ.

ಹೀಗೆ ಉಳಿದದ್ದು ಹೇಗೆ? ಮೊದಲಿಗೆ ಬಂದ ಸ್ಪೇನಿನವರು ಬೆರಳೆಣಿಕೆಯ ಗಂಡಸರು. ಗುವಾರಾನಿ ಹೆಂಗಸರನ್ನು ಮನೆಗೆ ತಂದುಕೊಂಡರು. ಅದೆಲ್ಲ ಒಪ್ಪಿಗೆಯಿಂದ ನಡೆಯಿತೆಂದು ಯಾರೂ ಹೇಳುವುದಿಲ್ಲ. ಹುಟ್ಟಿದ ಮಕ್ಕಳು ತಾಯಿಯ ಮಾತು ಕಲಿತರು. 1811ರಲ್ಲಿ ಸ್ವತಂತ್ರವಾದ ಮೇಲೆ ಬಂದ ಸರ್ವಾಧಿಕಾರಿ ಡಾಕ್ಟರ್ ಫ್ರಾನ್ಸಿಯಾ, ಯುರೋಪಿಯನ್ನರು ತಮ್ಮತಮ್ಮಲ್ಲೇ ಮದುವೆಯಾಗಕೂಡದೆಂದು 1814ರಲ್ಲಿ ಕಾನೂನನ್ನೇ ಮಾಡಿದ. ನಾಡಿನ ಬಾಗಿಲನ್ನೂ ಹೊರಗಿನವರಿಗೆ ಹೆಚ್ಚುಕಡಿಮೆ ಮುಚ್ಚಿಬಿಟ್ಟ.

ಪಾದ್ರಿಗಳ ಪಾಲೂ ಇದೆ. ಜೆಸ್ವಿಟ್ ಪಾದ್ರಿ ಆಂತೋನಿಯೊ ರೂಯಿಸ್ ದೆ ಮೊಂತೋಯ ಗುವಾರಾನಿಗೆ ನಿಘಂಟು, ವ್ಯಾಕರಣ ಬರೆದು 1639-40ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದ. ಅದೇ 1640ರಲ್ಲಿ ನಮ್ಮ ನೆರೆಯ ಗೋವೆಯ ರಾಚೋಲಿನಲ್ಲಿ ಇನ್ನೊಬ್ಬ ಜೆಸ್ವಿಟ್, ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ ಅಚ್ಚಾಯಿತು. ಎರಡು ಖಂಡ, ಒಂದೇ ಸಂಘ, ಒಂದೇ ವರ್ಷ! ಅಸುನ್ಸಿಯಾನಿನಿಂದ ಬಸ್ಸಿನಲ್ಲಿ ಆರು ಗಂಟೆ ದೂರದ ಎನ್‌ಕಾರ್ನಾಸಿಯಾನ್ ಊರಿನ ಬಳಿ ತ್ರಿನಿದಾದ್ ಎಂಬಲ್ಲಿ ಈ ಪಾದ್ರಿಗಳು ಕಟ್ಟಿಸಿದ ಊರಿನ ಅವಶೇಷವಿದೆ. ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕೆಂಪು ಕಲ್ಲಿನ ಭಾರಿ ಗೋಡೆಗಳು, ಚಾವಣಿಯಿಲ್ಲದ ಇಗರ್ಜಿ, ಮೇಲೆ ಸಾಲಾಗಿ ವಾದ್ಯ ನುಡಿಸುವ ದೇವದೂತರ ಕೆತ್ತನೆ. ನಾವು ಹೋದಾಗ ಅಷ್ಟು ದೊಡ್ಡ ಬಯಲಿನಲ್ಲಿ ನಾವು ಐದು ಜನ, ಎರಡು ನಾಯಿ. ಹಂಪಿಯನ್ನು ಒಬ್ಬರೇ ಸುತ್ತಿದ ಹಾಗೆ. 1767ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನು ಓಡಿಸಿದ. ಊರು ಪಾಳು ಬಿತ್ತು, ವ್ಯಾಕರಣ ಉಳಿಯಿತು.

ಆಗಸ್ಟ್ 16

ಆದರೆ ಈ ಕಥೆಯಲ್ಲಿ ಎಲ್ಲಕ್ಕಿಂತ ಭಾರವಾದ ಪುಟ ಬೇರೆ ಇದೆ. ಆಗಸ್ಟ್ 16ರ ಬೆಳಿಗ್ಗೆ, ನಾವು ಇನ್ನೂ ಅಸುನ್ಸಿಯಾನಿನಲ್ಲಿದ್ದಾಗ, ಚೌಕದ ತುಂಬ ಮಕ್ಕಳು, ಬಲೂನು, ಮಿಠಾಯಿ. ಅಂದು ಅಲ್ಲಿ ಮಕ್ಕಳ ದಿನಾಚರಣೆ. ನಮ್ಮದು ನೆಹರೂ ಹುಟ್ಟಿದ ದಿನ. ಅವರದು?

1864ರಿಂದ 1870ರವರೆಗೆ ಪರಾಗ್ವೆ ತನ್ನ ನೆರೆಯ ಬ್ರೆಜಿಲ್, ಅರ್ಜೆಂಟೀನ, ಉರುಗ್ವೆ ಮೂರರ ಮೇಲೂ ಒಟ್ಟಿಗೆ ಕಾದಿತು. ಅಧ್ಯಕ್ಷ ಸೊಲಾನೊ ಲೋಪೆಸ್ ಸೋಲೊಪ್ಪದೆ ಕೊನೆಯವರೆಗೂ ಹೊಡೆದಾಡಿ, 1870ರ ಮಾರ್ಚ್ 1ರಂದು ರಣದಲ್ಲೇ ಸತ್ತ. ಅಷ್ಟರಲ್ಲಿ ದೇಶದ ಅರ್ಧಕ್ಕೂ ಹೆಚ್ಚು ಜನ ಯುದ್ಧ, ಹಸಿವು, ಕಾಲರಾಗಳಿಗೆ ಬಲಿಯಾಗಿದ್ದರೆಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಲೆಕ್ಕದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ದೊಡ್ಡ ಗಂಡಸರು ಮುಗಿದ ಮೇಲೆ ಹುಡುಗರನ್ನು ಸೈನ್ಯಕ್ಕೆ ಸೇರಿಸಿದರು. 1869ರ ಆಗಸ್ಟ್ 16ರಂದು ಅಕೋಸ್ತ ನ್ಯೂ ಎಂಬ ಬಯಲಿನಲ್ಲಿ ಬ್ರೆಜಿಲಿನ ದೊಡ್ಡ ಸೈನ್ಯದ ಮುಂದೆ ನಿಂತವರಲ್ಲಿ ಬಹುಮಂದಿ ಮಕ್ಕಳು. ದೂರದಿಂದ ದೊಡ್ಡವರಂತೆ ಕಾಣಲೆಂದು ಅವರಿಗೆ ಸುಳ್ಳು ಗಡ್ಡ ಹಚ್ಚಿದ್ದರೆಂದು ಹೇಳುತ್ತಾರೆ. ಆ ದಿನವೇ ಇಂದಿನ ಅವರ ಮಕ್ಕಳ ದಿನ. ಅಳಿಯಂದಿರು ಇದನ್ನು ಫಲಕವೊಂದರಿಂದ ಓದಿ ಹೇಳುವಾಗ ಮೊಮ್ಮಗ ಬಲೂನು ಹಿಡಿದು ನಿಂತಿದ್ದ. ‘ನನ್ನಷ್ಟೇ ದೊಡ್ಡವರಾ?’ ಎಂದು ಕೇಳಿದ. ಇಂಗ್ಲಿಷಿನಲ್ಲೇ. ಯಾರೂ ಉತ್ತರ ಕೊಡಲಿಲ್ಲ.

ಗಂಡಸರಿಲ್ಲದ ನಾಡನ್ನು ಮತ್ತೆ ಕಟ್ಟಿದವರು ಹೆಂಗಸರು. ಉತ್ತರು, ಬಿತ್ತರು, ಸಂತೆಗೆ ನಡೆದರು, ಮಕ್ಕಳನ್ನು ಸಾಕಿದರು. ಅವರಾಡಿದ್ದು ಗುವಾರಾನಿ. ಅತ್ತ ಅಸುನ್ಸಿಯಾನಿನಲ್ಲಿ ಗೆದ್ದವರ ನೆರಳಲ್ಲಿ ಬಂದ ಹೊಸ ಸರ್ಕಾರಕ್ಕೆ ಆ ಭಾಷೆ ಹಿಂದುಳಿದಿರುವಿಕೆಯ ಗುರುತಾಗಿ ಕಂಡಿತು, ಶಾಲೆಗಳಲ್ಲಿ ನಿಷೇಧವಾಯಿತು. ಗುವಾರಾನಿ ಆಡಿದ ಮಕ್ಕಳಿಗೆ ಪೆಟ್ಟು ಬೀಳುವುದು ಇಪ್ಪತ್ತನೇ ಶತಮಾನದಲ್ಲೂ ಬಹುಕಾಲ ನಡೆಯಿತು. ತ್ರಿನಿದಾದಿಗೆ ಹೋಗುವ ಬಸ್ಸಿನಲ್ಲಿ ಸಿಕ್ಕ ನಿವೃತ್ತ ಶಿಕ್ಷಕಿಯೊಬ್ಬರು, ‘ನಮ್ಮಮ್ಮ ಶಾಲೆಗೆ ಹೋಗುವಾಗ ದಾರಿಯಲ್ಲಿ ಬಾಯಿ ಬದಲಾಯಿಸಿಕೊಳ್ಳುತ್ತಿದ್ದಳು’ ಎಂದರು. ಅದೇ ಭಾಷೆ 1932ರಿಂದ 35ರವರೆಗೆ ಬೊಲಿವಿಯದೊಡನೆ ನಡೆದ ಚಾಕೋ ಯುದ್ಧದಲ್ಲಿ ಸೈನ್ಯದ ಸಂದೇಶಗಳಿಗೆ ಬೇಕಾಯಿತು. ಶತ್ರುವಿಗೆ ತಿಳಿಯಬಾರದಲ್ಲ! ಶಾಲೆಯಲ್ಲಿ ಏಟು ತಿಂದ ಮಾತು ರಣರಂಗದಲ್ಲಿ ಕೆಲಸಕ್ಕೆ ಬಂತು.

1954ರಿಂದ 1989ರವರೆಗಿನ ಸ್ಟ್ರೋಸ್ನರ್‌ನ ಸರ್ವಾಧಿಕಾರ ಕಳೆದ ಮೇಲೆ, 1992ರ ಸಂವಿಧಾನ ಎರಡು ಭಾಷೆಗಳನ್ನೂ ಅಧಿಕೃತವೆಂದು ಸಾರಿತು. ಶಾಲೆಯ ಮೊದಲ ಹಂತದಲ್ಲಿ ಮಗುವಿನ ತಾಯ್ನುಡಿಯಲ್ಲೇ ಕಲಿಸಬೇಕೆಂದೂ ಬರೆಯಿತು. 1994ರಲ್ಲಿ ದ್ವಿಭಾಷಾ ಶಿಕ್ಷಣ ಆರಂಭವಾಯಿತು.

ಅದೇ 1994ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ, ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂಬ ಆದೇಶ ಹೊರಡಿಸಿತ್ತು. ಅದು ಕೋರ್ಟು ಮೆಟ್ಟಿಲು ಹತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು ಓದುಗರಿಗೆ ನೆನಪಿರಬಹುದು. ಮಾಧ್ಯಮದ ಆಯ್ಕೆ ತಂದೆತಾಯಿಗಳದು ಎಂದಿತು ನ್ಯಾಯಾಲಯ. ಪರಾಗ್ವೆಯಲ್ಲಿ ಕಾನೂನು ನಿಂತಿದೆ. ಆದರೆ ಆಕ್ಷೇಪ ಬಂದದ್ದು ಎಲ್ಲಿಂದ ಗೊತ್ತೇ? ಮಕ್ಕಳ ಹೆತ್ತವರಿಂದಲೇ! ‘ಗುವಾರಾನಿ ಮನೆಯಲ್ಲೇ ಬರುತ್ತದಲ್ಲ, ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಿ, ನಾಳೆ ಕೆಲಸ ಸಿಗಬೇಕು’ ಎಂದು ಹಳ್ಳಿಯವರೇ ತಕರಾರು ತೆಗೆದರಂತೆ. ಆ ಶಿಕ್ಷಕಿ ಇದನ್ನು ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ‘ಕನ್ನಡ ಹೆಂಗೂ ಬತ್ತದೆ ಸಾರ್, ಇಂಗ್ಲಿಷ್ ಹೇಳ್ಕೊಡಿ’ ಎಂದು ನನ್ನ ಮೇಜಿನ ಮುಂದೆ ಎಷ್ಟು ತಂದೆಯರು ನಿಂತಿದ್ದರೋ. ಅವರನ್ನು ತಪ್ಪೆನ್ನಲು ನನ್ನಿಂದ ಅಂದೂ ಆಗಲಿಲ್ಲ, ಇಂದೂ ಆಗದು. ನನ್ನ ಮಗಳನ್ನೇ ಹೈಸ್ಕೂಲಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವನು ನಾನು. ಆದರೆ ‘ಹೆಂಗೂ ಬತ್ತದೆ’ ಎಂಬ ನಂಬಿಕೆ ಎಷ್ಟು ತಲೆಮಾರು ನಿಲ್ಲುತ್ತದೆಂಬುದಕ್ಕೆ ಮೊಮ್ಮಗ ಪಕ್ಕದಲ್ಲೇ ಕೂತಿದ್ದ. ಅಸುನ್ಸಿಯಾನಿನ ಅನುಕೂಲಸ್ಥರ ಮನೆಗಳಲ್ಲೂ ಈಗ ಮಕ್ಕಳು ಬರೀ ಸ್ಪ್ಯಾನಿಷ್ ಆಡುತ್ತಾರೆ, ಗುವಾರಾನಿ ಕೇಳಿದರೆ ಅರ್ಥವಾಗುತ್ತದಷ್ಟೇ ಎಂದರು ಆಕೆ.

ಪಠ್ಯಪುಸ್ತಕದ ಗುವಾರಾನಿ ಬೇರೆ ತೊಡಕು. ಶುದ್ಧತೆಗೆಂದು ಪಂಡಿತರು ಹೊಸ ಪದ ಟಂಕಿಸಿದ್ದಾರೆ, ಮನೆಯಲ್ಲಿ ಯಾರೂ ಆಡದವು. ಜನ ಆಡುವುದು ಸ್ಪ್ಯಾನಿಷ್ ಬೆರೆತ ಗುವಾರಾನಿ. ಅದಕ್ಕೆ ‘ಜೊಪರಾ’ ಎಂದು ಹೆಸರು. ಅದು ಒಂದು ಅಡುಗೆಯ ಹೆಸರೂ ಹೌದು: ಜೋಳ, ಕಾಳು ಎಲ್ಲ ಹಾಕಿ ಬೇಯಿಸಿದ್ದು. ನಮ್ಮ ಬೆರಕೆ ಕನ್ನಡವನ್ನು ಬಿಸಿಬೇಳೆಬಾತ್ ಎಂದ ಹಾಗೆ! ಅಂಕಿಗಳನ್ನಂತೂ ಎಲ್ಲರೂ ಸ್ಪ್ಯಾನಿಷಿನಲ್ಲೇ ಎಣಿಸುತ್ತಾರೆ. ಮೂಲ ಗುವಾರಾನಿಯಲ್ಲಿ ಹೆಸರಿದ್ದದ್ದು ನಾಲ್ಕೈದು ಅಂಕಿಗಳಿಗೆ ಮಾತ್ರ. ನಮ್ಮಲ್ಲಿ ನೂರರವರೆಗೆ, ಕೋಟಿಯವರೆಗೆ ಸೊಗಸಾದ ಪದಗಳಿದ್ದೂ ‘ಎಪ್ಪತ್ತೊಂಬತ್ತು ಅಂದ್ರೆ ಎಷ್ಟು?’ ಎನ್ನುವ ಮಕ್ಕಳಿದ್ದಾರೆ.

ಮೊಮ್ಮಗನಿಗೆ ಆಕೆಯ ಪರಿಚಯ ಲಾಭವಾಯಿತು. ದಾರಿಯುದ್ದಕ್ಕೂ ಪದ ಕಲಿತ. ‘ಇಗುವಾಸು’ ಜಲಪಾತ ಎಂದರೆ ದೊಡ್ಡ ನೀರು. ಜಾಗ್ವಾರ್, ಪಿರಾನ ಇವೆಲ್ಲ ಗುವಾರಾನಿಯ ಬಳಗದಿಂದಲೇ ಲೋಕಕ್ಕೆ ಹೋದ ಹೆಸರುಗಳು. ‘ನಾವು’ ಎನ್ನಲು ಅಲ್ಲಿ ಎರಡು ಮಾತು. ಕೇಳುವವನನ್ನೂ ಸೇರಿಸಿಕೊಂಡರೆ ‘ಞಂದೆ’, ಬಿಟ್ಟರೆ ‘ಓರೆ’. ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ‘ಞ’ಗೆ ಅಲ್ಲಿ ಎಷ್ಟೊಂದು ಕೆಲಸ! ‘ಕನ್ನಡದಲ್ಲಿ ಹಾಗಿದೆಯಾ?’ ಎಂದು ಅವನು ಕೇಳಿದ. ಕನ್ನಡದಲ್ಲಿ ಒಂದೇ ‘ನಾವು’. ಆದರೆ ಇನ್ನೊಂದು ಉಳ್ಳಾಲದ ಕಡೆಯ ತುಳುವಿನಲ್ಲಿ ಇದೆ: ‘ನಮ’ ಎಂದರೆ ನೀನೂ ಸೇರಿ, ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು. ಅಂದಿನಿಂದ ಬಸ್ಸಿನಲ್ಲಿ ಯಾರು ಕಿಟಕಿ ಪಕ್ಕ ಕೂರಬೇಕೆಂಬ ಜಗಳವೆಲ್ಲ ಓರೆ-ಞಂದೆಯಲ್ಲೇ ನಡೆಯಿತು. ‘ತಾತ, ನಮ’ ಎಂದು ಒಮ್ಮೆ ನನ್ನ ತೋಳು ಹಿಡಿದ.

ಹೋಗುವವರಿಗೆ

ಎನ್‌ಕಾರ್ನಾಸಿಯಾನಿನಿಂದ ಬ್ರೆಜಿಲಿನ ಗಡಿಗೆ ಬಂದು ಇಟೈಪು ಅಣೆಕಟ್ಟು ನೋಡಿದೆವು. ಪರಾನ ನದಿಗೆ ಎರಡೂ ದೇಶ ಸೇರಿ ಕಟ್ಟಿದ್ದು, ಎಂಟು ಕಿಲೋಮೀಟರ್ ಉದ್ದ, 14,000 ಮೆಗಾವಾಟ್. ನಮ್ಮ ಶರಾವತಿಯ ಮುಖ್ಯ ಕೇಂದ್ರದ್ದು 1,035 ಎಂದರೆ ಅಂದಾಜಾದೀತು. ತನ್ನ ಪಾಲಿನಲ್ಲಿ ಮಿಕ್ಕ ವಿದ್ಯುತ್ತನ್ನು ಪರಾಗ್ವೆ ಬ್ರೆಜಿಲಿಗೆ ಕೊಡುತ್ತದೆ; ಬೆಲೆ ಸಾಲದೆಂಬ ಅಸಮಾಧಾನ ಹಳೆಯದು. 1982ರಲ್ಲಿ ನೀರು ನಿಂತಾಗ ಗುವೈರಾ ಎಂಬ ಭಾರಿ ಜಲಪಾತ ಪೂರಾ ಮುಳುಗಿಹೋಯಿತು. ಲಿಂಗನಮಕ್ಕಿಯ ನಂತರವೂ ನಮಗೆ ಮಳೆಗಾಲದ ಜೋಗವಾದರೂ ಉಳಿದಿದೆ. ದೇಶದ ಪಶ್ಚಿಮದ ಅರೆಪಾಲಿಗಿಂತ ಹೆಚ್ಚಿರುವ, ಜನವೇ ಇಲ್ಲದಂಥ ಚಾಕೋ ಬಯಲಿಗೆ ಹೋಗಲು ನಮಗೆ ದಿನ ಸಾಲಲಿಲ್ಲ.

ಊಟದ ಮಾತು. ಅದು ದನದ ಮಾಂಸದ ನಾಡು. ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಮರಗೆಣಸು ಪ್ರತಿ ಊಟಕ್ಕೂ ಇರುತ್ತದೆ, ಹಣ್ಣು ಬೇಕಾದಷ್ಟು. ಬಸ್ಸಿನೊಳಗೆ ಬುಟ್ಟಿ ಹೊತ್ತು ಬರುವ ‘ಚಿಪಾ’ ಎಂಬ ಚೀಸಿನ ಬನ್ನಿಗೆ ಹಂದಿಯ ಕೊಬ್ಬು ಬೆರೆಸುವ ರೂಢಿಯಿದೆ. ‘ಸೋಪಾ ಪರಾಗ್ವಾಯಾ’ ಎಂದು ಸೂಪ್ ತರಿಸಿದರೆ ಜೋಳದ ಹಿಟ್ಟು, ಮೊಟ್ಟೆ, ಚೀಸು ಹಾಕಿ ಬೇಯಿಸಿದ ಗಟ್ಟಿ ತುಂಡು ಬರುತ್ತದೆ, ಚಮಚ ಕೇಳಬೇಡಿ.

ಕುಡಿಯಲು ‘ತೆರೆರೆ’. ಯೆರ್ಬಾ ಎಲೆಯ ಪುಡಿಗೆ ತಣ್ಣೀರು, ಜತೆಗೆ ಒರಳಲ್ಲಿ ಕುಟ್ಟಿದ ಬೇರು, ಸೊಪ್ಪು. ನಮ್ಮ ಕಷಾಯದ ತಣ್ಣನೆಯ ಅಕ್ಕ. ಯುನೆಸ್ಕೊ 2020ರಲ್ಲಿ ಇದನ್ನೂ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಂಬಿನ ಲೋಟ ಒಂದೇ, ಲೋಹದ ಕೊಳವೆಯೂ ಒಂದೇ; ಸುತ್ತ ಕೂತವರೆಲ್ಲ ಸರದಿಯ ಮೇಲೆ ಅದನ್ನೇ ಹೀರಬೇಕು. ಎಂಜಲಿನ ಲೆಕ್ಕದಲ್ಲಿ ಬೆಳೆದ ನಮಗೆ ಇದು ಪರೀಕ್ಷೆಯೇ ಸರಿ. ನನ್ನಾಕೆ ಸೆರಗಿನಿಂದ ಕೊಳವೆ ಒರೆಸಿಕೊಂಡು ಹೀರಿದಳು, ಅವರೆಲ್ಲ ಚಪ್ಪಾಳೆ ತಟ್ಟಿದರು. ಒಂದು ಎಚ್ಚರಿಕೆ: ಲೋಟ ವಾಪಸು ಕೊಡುವಾಗ ‘ಗ್ರಾಸಿಯಾಸ್’, ಅಂದರೆ ಧನ್ಯವಾದ, ಎಂದರೆ ‘ನನಗಿನ್ನು ಸಾಕು’ ಎಂದರ್ಥ. ಮತ್ತೆ ಬೇಕಿದ್ದರೆ ಸುಮ್ಮನೆ ಕೊಟ್ಟುಬಿಡಿ.